ರಾಮ್‌ಸ್ಟೈನ್: ಬೆಂಕಿಯ ಹಿಂದಿನ ಲೆಕ್ಕಾಚಾರ

ಜರ್ಮನಿಯ ಇಂಡಸ್ಟ್ರಿಯಲ್ ರಾಕ್ ತಂಡ ರಾಮ್‌ಸ್ಟೈನ್‌ನ ಒಂದು ಹಾಡನ್ನೂ ಪೂರ್ತಿ ಕೇಳದವರು ಕೂಡ ಅವರ ಬೆಂಕಿಯ ವಿಡಿಯೊ ತುಣುಕುಗಳನ್ನು ನೋಡಿರುತ್ತಾರೆ. ಗಾಯಕನ ಬೆನ್ನಿಗೆ ಬಿಗಿದ ಲೋಹದ ರೆಕ್ಕೆಗಳಿಂದ ಜ್ವಾಲೆ ಚಿಮ್ಮುತ್ತದೆ. ಕೀಬೋರ್ಡ್ ವಾದಕನನ್ನು ದೊಡ್ಡ ಹಂಡೆಯಲ್ಲಿ ಕೂರಿಸಿ ಅದಕ್ಕೆ ಬೆಂಕಿ ಹಾಯಿಸುತ್ತಾರೆ. ಗಿಟಾರ್ ವಾದಕರು ಮುಖವಾಡದಿಂದ ಬೆಂಕಿ ಉಗುಳುತ್ತಾರೆ. ಇಷ್ಟನ್ನೇ ನೋಡಿದರೆ ಬರೀ ಅಬ್ಬರ ಅನ್ನಿಸುತ್ತದೆ. ಆದರೆ 1994ರಲ್ಲಿ ಬರ್ಲಿನ್‌ನಲ್ಲಿ ಕೂಡಿದ ಆರು ಜನ ಮೂವತ್ತು ವರ್ಷದ ನಂತರವೂ ಅದೇ ಆರು ಜನ. ಹಾಡುವುದು ಹೆಚ್ಚುಕಡಿಮೆ ಪೂರ್ತಿ ಜರ್ಮನ್‌ನಲ್ಲೇ. ಆ ಭಾಷೆಯ ಗಂಧವೇ ಇಲ್ಲದ ಊರುಗಳಲ್ಲೂ ಸ್ಟೇಡಿಯಂ ತುಂಬುತ್ತದೆ. ಇದು ಹೇಗಾಯಿತು ಎಂಬುದಕ್ಕೆ ಬೆಂಕಿ ಅರ್ಧ ಉತ್ತರ ಮಾತ್ರ. ಉಳಿದದ್ದು ಗಿಟಾರಿನ ಶ್ರುತಿಯಲ್ಲಿದೆ, ಹಾಡಿನೊಳಗೆ ಮಾತಾಡುವವನು ಯಾರು ಎಂಬುದರಲ್ಲಿದೆ, ಆರು ಜನ ತಮ್ಮೊಳಗೆ ಮಾಡಿಕೊಂಡ ಒಪ್ಪಂದದಲ್ಲಿದೆ.

ಇಂಡಸ್ಟ್ರಿಯಲ್ ಅಂದರೆ

ಈ ಹೆಸರು ಬಂದದ್ದು ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ಶುರು ಮಾಡಿದ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಸಂಸ್ಥೆಯಿಂದ. ಟೇಪಿನ ತುಂಡುಗಳು, ಯಂತ್ರದ ಸದ್ದು, ಕಿರುಚಾಟ: ಹಾಡಿನ ಚೌಕಟ್ಟನ್ನೇ ಒಡೆದ ಸಂಗೀತ ಅದು. 1980ರಲ್ಲಿ ಪಶ್ಚಿಮ ಬರ್ಲಿನ್‌ನ ಐನ್‌ಸ್ಟುರ್ಟ್ಸೆಂಡೆ ನೊಯ್‌ಬೌಟನ್ ತಂಡ ಗುಜರಿ ಕಬ್ಬಿಣವನ್ನೂ ಡ್ರಿಲ್ ಮೆಷಿನ್ನನ್ನೂ ವೇದಿಕೆಗೆ ತಂದಿತು. ಅದೇ ವರ್ಷ ಈಗಿನ ಸ್ಲೊವೇನಿಯಾದ ಗಣಿ ಪಟ್ಟಣವೊಂದರಲ್ಲಿ ಲೈಬಾಖ್ ಹುಟ್ಟಿತು. ಸಮವಸ್ತ್ರ, ಮಿಲಿಟರಿ ತಾಳ, ಗಡಸು ಗಂಡುದನಿ ಅವರ ಗುರುತು. ಎಂಬತ್ತರ ದಶಕದ ಕೊನೆಗೆ ಷಿಕಾಗೋದ ಮಿನಿಸ್ಟ್ರಿ, ಕ್ಲೀವ್‌ಲ್ಯಾಂಡ್‌ನ ನೈನ್ ಇಂಚ್ ನೇಲ್ಸ್ ಇದಕ್ಕೆ ಗಿಟಾರನ್ನೂ ಪಲ್ಲವಿ-ಚರಣದ ಆಕಾರವನ್ನೂ ಕೊಟ್ಟವು. ಇಂಡಸ್ಟ್ರಿಯಲ್ ರಾಕ್ ಎಂದು ನಾವು ಈಗ ಕರೆಯುವುದು ಇದನ್ನೇ. ರಾಮ್‌ಸ್ಟೈನ್ ಬರುವ ಹೊತ್ತಿಗೆ ಬೇಕಾದ ಸಾಮಾನೆಲ್ಲ ಅಂಗಡಿಯಲ್ಲಿತ್ತು. ಅವರು ಮಾಡಿದ್ದು ಅದನ್ನು ಬೋಳಿಸಿ ಬೋಳಿಸಿ ಸರಳ ಮಾಡಿದ್ದು.

ಆರೂ ಜನ ಪೂರ್ವ ಜರ್ಮನಿಯವರು. ಕೀಬೋರ್ಡಿನ ಕ್ರಿಸ್ಟಿಯಾನ್ 'ಫ್ಲಾಕೆ' ಲೊರೆಂಟ್ಸ್, ಗಿಟಾರಿನ ಪೌಲ್ ಲಾಂಡರ್ಸ್, ಡ್ರಮ್ಸ್‌ನ ಕ್ರಿಸ್ಟೋಫ್ ಷ್ನೈಡರ್ ಮೂವರೂ ಪೂರ್ವ ಬರ್ಲಿನ್‌ನ ಫೀಲಿಂಗ್ ಬಿ ಎಂಬ ಪಂಕ್ ತಂಡದಲ್ಲಿ ನುಡಿಸಿದವರು. ಅಲ್ಲಿ ಸಾರ್ವಜನಿಕವಾಗಿ ನುಡಿಸಬೇಕಾದರೆ ಸರ್ಕಾರಿ ಸಮಿತಿಯ ಮುಂದೆ ನುಡಿಸಿ ಪರವಾನಗಿ ಪಡೆಯಬೇಕಿತ್ತು. ಗಾಯಕ ಟಿಲ್ ಲಿಂಡೆಮನ್ ಹದಿಹರೆಯದಲ್ಲಿ ಸ್ಪರ್ಧೆಯ ಈಜುಗಾರ, ಆಮೇಲೆ ಬುಟ್ಟಿ ಹೆಣೆಯುವ ಕಸುಬು, ಜೊತೆಗೆ ಒಂದು ಪಂಕ್ ತಂಡದಲ್ಲಿ ಡ್ರಮ್ಸ್. ಅಪ್ಪ ವೆರ್ನರ್ ಲಿಂಡೆಮನ್ ಮಕ್ಕಳ ಕವಿ. ರಿಚರ್ಡ್ ಕ್ರುಸ್ಪೆ 1989ರಲ್ಲಿ ಹಂಗೇರಿಯ ದಾರಿ ಹಿಡಿದು ಪಶ್ಚಿಮಕ್ಕೆ ಓಡಿದವರು. ಬರ್ಲಿನ್ ಗೋಡೆ ಬಿದ್ದ ಮೇಲೆ ವಾಪಸ್ ಬಂದರು. ಬೇಸ್ ಗಿಟಾರಿನ ಒಲಿವರ್ ರೀಡೆಲ್ ಶ್ವೆರೀನ್ ಊರಿನವರು. ಪೂರ್ವ ಜರ್ಮನಿ ಎಂಬ ದೇಶವೇ ಕಾಣೆಯಾದ ಮೇಲೆ ಅಮೆರಿಕದವರನ್ನು ಅನುಕರಿಸಿ ಇಂಗ್ಲಿಷ್‌ನಲ್ಲಿ ಹಾಡುವುದು ತಮಗೆ ಒಗ್ಗುವುದಿಲ್ಲ ಎಂದು ಇವರಿಗೆ ಬೇಗ ಗೊತ್ತಾಯಿತು. 1994ರಲ್ಲಿ ಬರ್ಲಿನ್ ಆಡಳಿತ ಹೊಸ ತಂಡಗಳಿಗಾಗಿ ನಡೆಸಿದ ಸ್ಪರ್ಧೆ ಗೆದ್ದು, ಬಹುಮಾನವಾಗಿ ಸ್ಟುಡಿಯೊದಲ್ಲಿ ಮುದ್ರಿಸುವ ಅವಕಾಶ ಪಡೆದರು. ಮರುವರ್ಷ ಸ್ಟಾಕ್‌ಹೋಮ್‌ನಲ್ಲಿ ಯಾಕೊಬ್ ಹೆಲ್ನರ್ ನಿರ್ಮಾಣದಲ್ಲಿ ಮೊದಲ ಆಲ್ಬಂ 'ಹೆರ್ಟ್ಸೆಲೈಡ್' ಬಂತು.

ತಂಡದ ಹೆಸರಿನ ಹಿಂದೆ ಒಂದು ದುರಂತವಿದೆ. 1988ರ ಆಗಸ್ಟ್ 28ರಂದು ಪಶ್ಚಿಮ ಜರ್ಮನಿಯ ರಾಮ್‌ಸ್ಟೈನ್ ಅಮೆರಿಕನ್ ವಾಯುನೆಲೆಯಲ್ಲಿ ಪ್ರದರ್ಶನದ ವೇಳೆ ಇಟಲಿ ವಾಯುಪಡೆಯ ಮೂರು ಜೆಟ್‌ಗಳು ಡಿಕ್ಕಿಯಾಗಿ, ಒಂದು ಜನರ ಮೇಲೆ ಬಿದ್ದು, 70 ಮಂದಿ ಸತ್ತರು. ತಂಡ ಆ ಹೆಸರಿಗೆ ಒಂದು ಅಕ್ಷರ ಹೆಚ್ಚಿಗೆ ಸೇರಿಸಿಕೊಂಡಿತು. ಮೊದಲ ಆಲ್ಬಂನ ಕೊನೆಯ ಹಾಡು ಇದೇ ಘಟನೆಯದು.

ಗಿಟಾರು ಯಂತ್ರವಾಗುವ ಬಗೆ

ಈ ಸದ್ದಿನ ಗುಟ್ಟು ವೇಗದಲ್ಲಿಲ್ಲ. 1997ರ 'ಡು ಹಾಸ್ಟ್' ನಿಮಿಷಕ್ಕೆ ಸುಮಾರು 125 ತಾಳದ ಹಾಡು, ಡ್ಯಾನ್ಸ್ ಕ್ಲಬ್ಬಿನ ನಡೆ. ಹಾಡಿನ ಶುರುವಿನಲ್ಲಿ ಕೇಳುವುದು ಸೀಕ್ವೆನ್ಸರ್, ಅಂದರೆ ಒಂದೇ ಸ್ವರಮಾಲೆಯನ್ನು ಕೂದಲೆಳೆಯಷ್ಟೂ ತಪ್ಪದೆ ತಿರುಗಿಸುತ್ತಾ ಇರುವ ಯಂತ್ರ. ಆಮೇಲೆ ಗಿಟಾರ್ ಬಂದು ಅದೇ ಚೌಕಟ್ಟಿಗೆ ಬೀಗ ಹಾಕಿದಂತೆ ಕೂರಬೇಕು. ಕಷ್ಟ ಇರುವುದು ಇಲ್ಲೇ.

ಲೆಕ್ಕ ಹೀಗೆ. 125 ತಾಳದ ವೇಗದಲ್ಲಿ ಒಂದು ತಾಳವನ್ನು ನಾಲ್ಕು ಭಾಗ ಮಾಡಿದರೆ ಒಂದೊಂದು ಭಾಗಕ್ಕೆ ಸಿಗುವುದು 120 ಮಿಲಿಸೆಕೆಂಡು. ಸಾಮಾನ್ಯ ರಾಕ್ ಹಾಡಿನಲ್ಲಿ ಗಿಟಾರಿನ ಏಟು 20-30 ಮಿಲಿಸೆಕೆಂಡು ಹಿಂದೆಮುಂದೆ ಆದರೆ ಅದು ಲಯದ ಸೊಗಸು ಅನ್ನಿಸಿಕೊಳ್ಳುತ್ತದೆ. ಸೀಕ್ವೆನ್ಸರ್ ಪಕ್ಕದಲ್ಲಿ ಅದೇ ತಪ್ಪು ಎರಡು ಏಟಾಗಿ ಕೇಳುತ್ತದೆ, ಇಡೀ ಹಾಡು ಸಡಿಲವಾಗುತ್ತದೆ. ಅದಕ್ಕೇ ಷ್ನೈಡರ್ ಕಿವಿಯಲ್ಲಿ ಕ್ಲಿಕ್, ಅಂದರೆ ತಾಳ ಎಣಿಸುವ ಟಿಕ್ ಟಿಕ್ ಸದ್ದು, ಇಟ್ಟುಕೊಂಡು ನುಡಿಸುತ್ತಾರೆ. ಅಲಂಕಾರದ ಏಟುಗಳು ತೀರಾ ಕಡಿಮೆ. ಬಿಟ್ಟುಬಿಡುವುದೂ ಒಂದು ಕೌಶಲ ಎಂದು ಈ ಡ್ರಮ್ಸ್ ಕೇಳಿದರೆ ಗೊತ್ತಾಗುತ್ತದೆ.

ಶ್ರುತಿ ಆರಂಭದಲ್ಲಿ ಡ್ರಾಪ್ ಡಿ. ಗಿಟಾರಿನ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಇ ಸ್ವರದಿಂದ ಡಿಗೆ ಇಳಿಸುವುದು. ಇದರಿಂದ ಎರಡು ಲಾಭ: ಸದ್ದು ತಗ್ಗುತ್ತದೆ, ಕೆಳಗಿನ ಮೂರು ತಂತಿಗಳ ಮೇಲೆ ಒಂದೇ ಬೆರಳು ಅಡ್ಡ ಇಟ್ಟರೆ ಪವರ್ ಕಾರ್ಡ್ (ಒಟ್ಟಿಗೆ ನುಡಿಯುವ ಗಟ್ಟಿ ಸ್ವರಗುಚ್ಛ) ಸಿದ್ಧ, ಆ ಬೆರಳನ್ನು ಜಾರಿಸುತ್ತಾ ಹೋದರೆ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಸಣ್ಣ ಎಳೆ. 'ಜೊನ್ನೆ'ಯಂಥ ಹಾಡುಗಳಲ್ಲಿ ಇನ್ನೂ ಕೆಳಗೆ, ಸಿಗೆ ಇಳಿಸಿದರು. ಬಲಗೈಯ ಅಂಗೈ ಅಂಚನ್ನು ಬ್ರಿಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ತಂತಿಗೆ ಒತ್ತಿ ಹಿಡಿದು ಮೀಟಿದಾಗ ಬರುವ ಮೊಟಕು ಸದ್ದು ಈ ಸಂಗೀತದ ಇಟ್ಟಿಗೆ.

ಮನೆಯಲ್ಲಿ ಇದನ್ನು ನುಡಿಸಲು ಹೊರಟವರು ಮೊದಲು ಎಡವುವುದು ಗೇನ್‌ನಲ್ಲಿ. ಸದ್ದನ್ನು ಒರಟಾಗಿಸುವ (ಡಿಸ್ಟಾರ್ಷನ್) ಈ ಗುಂಡಿಯನ್ನು ಪೂರ್ತಿ ತಿರುಗಿಸಿಬಿಡುತ್ತಾರೆ. ಆಗ ಮೊಟಕು ಏಟಿನ ಅಂಚು ಕರಗಿ ಏಟುಗಳ ನಡುವಿನ ಮೌನ ತುಂಬಿಹೋಗುತ್ತದೆ. ಆ ಮೌನವೇ ಇಲ್ಲದಿದ್ದರೆ ಯಂತ್ರದ ಭಾವನೆ ಬರುವುದಿಲ್ಲ. ಗೇನ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಟ್ಟು, ಒಂದೇ ರಿಫ್ ಅನ್ನು ಎರಡು ಸಲ ಬೇರೆಬೇರೆ ನುಡಿಸಿ ಮುದ್ರಿಸಿ, ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ ಹರಡಿ. ಒಂದೇ ಮುದ್ರಣವನ್ನು ನಕಲು ಮಾಡಿ ಎರಡೂ ಕಡೆ ಹಾಕಿದರೆ ಸದ್ದು ದೊಡ್ಡದಾಗುವುದಿಲ್ಲ, ನಡುವೆಯೇ ಕೂರುತ್ತದೆ. ಸದ್ದಿಗೆ ಅಗಲ ಬರುವುದು ಎರಡು ನುಡಿಸುವಿಕೆಗಳ ನಡುವಿನ ಸಣ್ಣ ವ್ಯತ್ಯಾಸದಿಂದ. ತಂಡದಲ್ಲಿ ಇದಕ್ಕಾಗಿಯೇ ಇಬ್ಬರು ಗಿಟಾರಿಗರಿದ್ದಾರೆ. ಕ್ರುಸ್ಪೆಯವರದು ಮೀಸಾ ಬೂಗಿ ರೆಕ್ಟಿಫೈಯರ್ ಆಂಪ್‌ನ ದಪ್ಪ ಸದ್ದು, ಲಾಂಡರ್ಸ್ ಅವರದು ಟೆಕ್ 21 ಸ್ಯಾನ್ಸ್‌ಆಂಪ್‌ನ ಒಣ ಸದ್ದು. ಇಬ್ಬರೂ ಒಂದೇ ರಿಫ್ ನುಡಿಸುತ್ತಾರೆ, ಸೋಲೊ ಬಹಳ ಅಪರೂಪ.

ಇದರ ಮೇಲೆ ಫ್ಲಾಕೆಯ ಕೀಬೋರ್ಡ್: ಮಗು ಕೂಡ ಗುನುಗಬಹುದಾದ ನಾಲ್ಕೈದು ಸ್ವರದ ಎಳೆ. 'ಎಂಗೆಲ್'ನಲ್ಲಿ ಅದೇ ಕೆಲಸವನ್ನು ಒಂದು ಸಿಳ್ಳೆ ಮಾಡುತ್ತದೆ. ಆಮೇಲೆ ಲಿಂಡೆಮನ್‌ರ ತಗ್ಗಿನ ದನಿ, ನಾಲಗೆ ಕಂಪಿಸಿ ಒತ್ತಿ ಹೇಳುವ ರಕಾರ. ಪದದ ಅರ್ಥ ತಿಳಿಯದಿದ್ದರೂ ವ್ಯಂಜನಗಳು ತಾಳವಾದ್ಯದಂತೆ ಕೇಳುತ್ತವೆ. ಜರ್ಮನ್ ಬಾರದ ಊರುಗಳಲ್ಲಿ ಈ ಹಾಡುಗಳು ಗೆದ್ದದ್ದಕ್ಕೆ ಇದೇ ದೊಡ್ಡ ಕಾರಣ ಎಂಬುದು ನಮ್ಮ ಎಣಿಕೆ.

1997ರಲ್ಲಿ ಡೇವಿಡ್ ಲಿಂಚ್ ತಮ್ಮ 'ಲಾಸ್ಟ್ ಹೈವೇ' ಚಿತ್ರಕ್ಕೆ ಮೊದಲ ಆಲ್ಬಂನ ಎರಡು ಹಾಡು ಬಳಸಿಕೊಂಡಾಗ ಅಮೆರಿಕದ ಬಾಗಿಲು ತೆರೆಯಿತು. ಅದೇ ವರ್ಷ ಎರಡನೆಯ ಆಲ್ಬಂ 'ಸೇನ್‌ಜುಖ್ಟ್'. 1998ರಲ್ಲಿ ಕಾರ್ನ್, ಲಿಂಪ್ ಬಿಜ್ಕಿಟ್ ತಂಡಗಳ ಜೊತೆ ಫ್ಯಾಮಿಲಿ ವ್ಯಾಲ್ಯೂಸ್ ಪ್ರವಾಸ. ಮರುವರ್ಷ 'ಡು ಹಾಸ್ಟ್'ಗೆ ಗ್ರ್ಯಾಮಿ ನಾಮನಿರ್ದೇಶನ. 'ಸೇನ್‌ಜುಖ್ಟ್' ಅಮೆರಿಕದಲ್ಲಿ ಪ್ಲಾಟಿನಂ, ಅಂದರೆ ಹತ್ತು ಲಕ್ಷ ಪ್ರತಿ, ಆಯಿತು. 1999ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ವೇದಿಕೆಯ ಮೇಲಿನ ಅಶ್ಲೀಲ ಅಭಿನಯಕ್ಕಾಗಿ ಲಿಂಡೆಮನ್, ಫ್ಲಾಕೆ ಇಬ್ಬರನ್ನೂ ಪೊಲೀಸರು ಹಿಡಿದು ಒಯ್ದದ್ದೂ ಆಯಿತು.

ಬೆಂಕಿ ಹೇಗೆ ನಡೆಯುತ್ತದೆ

ಡ್ರಮ್ಸ್ ಹಿಂದೆ ಕೂತು ಅಭ್ಯಾಸವಾಗಿದ್ದ ಲಿಂಡೆಮನ್‌ಗೆ ಹಾಡಿಲ್ಲದ ಕಡೆ ಮೈಕ್ ಮುಂದೆ ಸುಮ್ಮನೆ ನಿಲ್ಲುವುದು ಹಿಂಸೆಯಾಗುತ್ತಿತ್ತು. ಬೆಂಕಿಯಾಟ ಶುರುವಾದದ್ದು ಅಲ್ಲಿಂದ. ಮೊದಮೊದಲು ಪೆಟ್ರೋಲು ಸುರಿದು ಹಚ್ಚುವ ಮಟ್ಟದ ಅಪಾಯದ ಹುಡುಗಾಟ. 1996ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ನ ಅರೆನಾದಲ್ಲಿ ಉರಿಯುತ್ತಿದ್ದ ವೇದಿಕೆಯ ಸಾಮಾನು ಕಳಚಿ ಬಿದ್ದ ಮೇಲೆ ಎಲ್ಲವೂ ವೃತ್ತಿಪರರ ಕೈಗೆ ಹೋಯಿತು. ಲಿಂಡೆಮನ್ ಸ್ವತಃ ಪೈರೊಟೆಕ್ನಿಕ್, ಅಂದರೆ ಬೆಂಕಿ-ಮದ್ದು ಬಳಸುವ, ಪರವಾನಗಿ ಪಡೆದರು.

ವೇದಿಕೆಯ ಬೆಂಕಿಯನ್ನು ಕಣ್ಣು ಒಂದೇ ಎಂದು ನೋಡುತ್ತದೆ. ನಡೆಸುವವರಿಗೆ ಅದು ಮೂರ್ನಾಲ್ಕು ಬೇರೆಬೇರೆ ವಸ್ತು. ಪ್ರೊಪೇನ್ ಗ್ಯಾಸಿನದು ವಾಲ್ವ್ ತೆರೆದರೆ ಏಳುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಒತ್ತಡದಲ್ಲಿ ಸಿಂಪಡಿಸುವ ಮದ್ಯಸಾರದಂಥ ದ್ರವ ಇನ್ನೂ ಎತ್ತರ ಹೋಗುತ್ತದೆ, ಆದರೆ ನಾಝಲ್ ಸರಿಯಿಲ್ಲದಿದ್ದರೆ ಉರಿಯುವ ಹನಿಗಳು ಕೆಳಗೆ ಬೀಳುತ್ತವೆ. ಕಿಡಿಮಳೆ ಸುರಿಸುವ ಮದ್ದಿನ ಕೊಳವೆ ಒಮ್ಮೆ ಹೊತ್ತಿದರೆ ಮುಗಿಯುವ ತನಕ ಯಾರ ಮಾತೂ ಕೇಳುವುದಿಲ್ಲ. ಕೊನೆಯದು ಪುಡಿ. 'ಫಾಯರ್ ಫ್ರೈ' ಹಾಡಿನಲ್ಲಿ ಮುಖಕ್ಕೆ ಕಟ್ಟಿಕೊಳ್ಳುವ ಸಾಧನ ಉಗುಳುವುದು ಲೈಕೊಪೋಡಿಯಂ, ಒಂದು ಜಾತಿಯ ಪಾಚಿಯಂಥ ಗಿಡದ ಬೀಜಕಣ. ಗುಡ್ಡೆ ಹಾಕಿ ಕಡ್ಡಿ ಗೀರಿದರೆ ಅದು ಹೊತ್ತುವುದೇ ಕಷ್ಟ. ಗಾಳಿಯಲ್ಲಿ ಹರಡಿದರೆ ಪ್ರತಿ ಕಣಕ್ಕೂ ಸುತ್ತಲೂ ಆಮ್ಲಜನಕ ಸಿಕ್ಕಿ ಒಮ್ಮೆಗೇ ಉರಿಯುತ್ತದೆ. ಯಕ್ಷಗಾನದಲ್ಲಿ ಮಹಿಷಾಸುರನ ಪ್ರವೇಶಕ್ಕೆ ದೊಂದಿಗೆ ರಾಳದ ಹುಡಿ ಎರಚಿದಾಗ ಭುಗ್ಗೆಂದು ಏಳುವ ಬೆಂಕಿಯ ತತ್ವವೂ ಇದೇ. ಕಣ್ಣಿಗೆ ಭಾರೀ ಜ್ವಾಲೆ, ಕ್ಷಣದಲ್ಲಿ ಮುಗಿದುಹೋಗುತ್ತದೆ.

'ಜೊನ್ನೆ'ಯ ಪಲ್ಲವಿಯಲ್ಲಿ ಡ್ರಮ್ ಏಟಿಗೂ ಜ್ವಾಲೆಗೂ ಕೂದಲಷ್ಟೂ ಅಂತರ ಕಾಣುವುದಿಲ್ಲ. ವಾಲ್ವ್ ತೆರೆದ ಮೇಲೆ ಬೆಂಕಿ ಪೂರ್ತಿ ಎತ್ತರಕ್ಕೆ ಏಳಲು ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಇಂಥ ಪ್ರದರ್ಶನದಲ್ಲಿ ವಾಲ್ವಿಗೆ ಆಜ್ಞೆ ಹೋಗುವುದು ಏಟಿಗಿಂತ ಮುಂಚೆ, ಡ್ರಮ್ಮರ್ ಕೇಳುವ ಕ್ಲಿಕ್‌ನ ಲೆಕ್ಕಕ್ಕೇ ಕಟ್ಟಿದ ಸಂಕೇತದಿಂದ. ಹಾಗೆಂದು ಎಲ್ಲವನ್ನೂ ಕಂಪ್ಯೂಟರಿಗೆ ಬಿಡುವಂತಿಲ್ಲ. ವಾದಕರ ಹತ್ತಿರದ ಜ್ವಾಲೆಗೆ ಒಬ್ಬ ಆಪರೇಟರ್ ಗುಂಡಿ ಒತ್ತಿ ಹಿಡಿದಿರಬೇಕು, ಆ ವಾದಕ ಅವನ ಕಣ್ಣಿಗೆ ಕಾಣುತ್ತಿರಬೇಕು. ವಾದಕ ತನ್ನ ಗುರುತಿನ ಮೇಲೆ ನಿಂತಿಲ್ಲವೆಂದರೆ ಗುಂಡಿ ಬಿಡಬೇಕು. ಆ ಸಲದ ಬೆಂಕಿ ತಪ್ಪಿಹೋಗುತ್ತದೆ, ಹಾಡು ಮುಂದೆ ಸಾಗುತ್ತದೆ. 1992ರ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಜ್ವಾಲೆ ಏಳುವ ಜಾಗದಲ್ಲೇ ಇದ್ದು ಕೈ ಸುಟ್ಟುಕೊಂಡದ್ದು ಈ ನಿಯಮದ ಬೆಲೆ ಹೇಳುತ್ತದೆ.

ಬಯಲಿನಲ್ಲಿ ಶತ್ರು ಗಾಳಿ. ನೇರ ಏಳಬೇಕಾದ ಕಂಬ ಅಡ್ಡ ಬಾಗಿದರೆ ಬಟ್ಟೆ, ಕೇಬಲ್, ದೀಪಗಳ ಹಂದರ ಯಾವುದೂ ಸುರಕ್ಷಿತವಲ್ಲ. ಗಾಳಿಯ ವೇಗ ಅಳೆಯುತ್ತಾ, ಮಿತಿ ದಾಟಿದರೆ ಆ ಜ್ವಾಲೆಗಳ ಸಾಲನ್ನೇ ಬಂದ್ ಮಾಡುತ್ತಾರೆ. ಚಳಿಯೂ ಕಾಟ ಕೊಡುತ್ತದೆ. 20 ಡಿಗ್ರಿಯಲ್ಲಿ ಸುಮಾರು 8 ಬಾರ್ ಇರುವ ಪ್ರೊಪೇನ್ ಸಿಲಿಂಡರಿನ ಒತ್ತಡ ಸೊನ್ನೆ ಡಿಗ್ರಿಗೆ ಬಂದರೆ 5 ಬಾರ್‌ಗಿಂತ ಕೆಳಗಿಳಿಯುತ್ತದೆ. ಗ್ಯಾಸನ್ನು ರಭಸವಾಗಿ ಎಳೆದರೆ ಸಿಲಿಂಡರ್ ತಾನೇ ತಣ್ಣಗಾಗಿ ಮೈಮೇಲೆ ಹಿಮ ಕಟ್ಟುತ್ತದೆ, ಮೂರನೆಯ ಪಲ್ಲವಿಯ ಜ್ವಾಲೆ ಮೊದಲನೆಯದರ ಅರ್ಧಕ್ಕೆ ಕುಸಿಯುತ್ತದೆ. ಹಲವು ಸಿಲಿಂಡರುಗಳನ್ನು ಒಟ್ಟಿಗೆ ಜೋಡಿಸಿ ಹೊರೆ ಹಂಚುವುದು ಇದಕ್ಕೆ ಪರಿಹಾರ. ಬಟ್ಟೆಗೆ ಉಣ್ಣೆ, ಚರ್ಮ, ಬೆಂಕಿ ತಾಳುವ ಅರಾಮಿಡ್ ನೂಲು ಆಗಬಹುದು. ಪಾಲಿಯೆಸ್ಟರ್ ಮಾತ್ರ ಕೂಡದು. ಅದು ಕರಗಿ ಚರ್ಮಕ್ಕೆ ಅಂಟುತ್ತದೆ.

2003ರ ಫೆಬ್ರುವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಬೇರೊಂದು ತಂಡದ ಕಾರ್ಯಕ್ರಮದಲ್ಲಿ ಕಿಡಿಕೊಳವೆಯ ಬೆಂಕಿ ಗೋಡೆಯ ಫೋಮ್‌ಗೆ ತಗುಲಿ 100 ಜನ ಸತ್ತರು. ತಗ್ಗು ಸೂರು, ಹೊತ್ತುವ ಗೋಡೆ, ಕಿಕ್ಕಿರಿದ ಬಾಗಿಲು, ಒಮ್ಮೆ ಹೊತ್ತಿದರೆ ನಿಲ್ಲಿಸಲಾಗದ ಮದ್ದು: ನಾಲ್ಕೂ ಒಂದೇ ಕಡೆ ಸೇರಿದ್ದವು. ಚಿಕ್ಕ ಸಭಾಂಗಣದಲ್ಲಿ ರಾಮ್‌ಸ್ಟೈನ್‌ನಂತೆ ಮಾಡಿ ನೋಡೋಣ ಎನ್ನುವ ಯಾವ ತಂಡಕ್ಕೂ ಉತ್ತರ ಒಂದೇ, ಬೇಡ.

ಹಾಡಿನೊಳಗಿನ ಖಳ

ಲಿಂಡೆಮನ್ ಬರೆಯುವ ಹಾಡುಗಳಲ್ಲಿ ಕೊಲೆಗಾರ, ಕಾಮುಕ, ನರಭಕ್ಷಕ ಎಲ್ಲರೂ 'ನಾನು' ಎಂದೇ ಮಾತಾಡುತ್ತಾರೆ. ಹಾಡು ತೀರ್ಪು ಕೊಡುವುದಿಲ್ಲ. 2004ರ 'ಮೈನ್ ಟೈಲ್'ಗೆ ಪ್ರೇರಣೆ ಜರ್ಮನಿಯ ರೋಟೆನ್‌ಬುರ್ಗ್‌ನಲ್ಲಿ 2001ರಲ್ಲಿ ನಡೆದ ನರಭಕ್ಷಣೆಯ ಪ್ರಕರಣ. ಹಂಡೆಯ ಬೆಂಕಿ ಬರುವುದು ಈ ಹಾಡಿಗೇ: ಗಾಯಕ ಅಡುಗೆಯವನ ವೇಷದಲ್ಲಿ, ಮೈಕಿಗೆ ಚಾಕು ಸಿಕ್ಕಿಸಿಕೊಂಡು ಬರುತ್ತಾನೆ. ಖಳನ ಒಳಗೆ ಇಳಿದು ಬರೆಯುವುದು ರಂಗಭೂಮಿಗೆ ಹಳೆಯ ಮಾತು. ರೇಡಿಯೊದ ಹಾಡಿನಲ್ಲಿ ಜನ ಅದನ್ನು ನಿರೀಕ್ಷಿಸುವುದಿಲ್ಲವಾದ್ದರಿಂದ ಗಾಯಕನನ್ನೇ ಖಳ ಎಂದುಕೊಳ್ಳುತ್ತಾರೆ.

ತಂಡ ನಿಜವಾಗಿ ಎಡವಿದ್ದು 1998ರಲ್ಲಿ. ಡಿಪೆಷ್ ಮೋಡ್‌ನ ಹಾಡೊಂದನ್ನು ಮರುಹಾಡಿ, ಅದರ ವಿಡಿಯೊಗೆ ಲೆನಿ ರೀಫನ್‌ಸ್ಟಾಲ್ 1936ರ ಬರ್ಲಿನ್ ಒಲಿಂಪಿಕ್ಸ್ ಬಗ್ಗೆ ಮಾಡಿದ ನಾಜಿ ಕಾಲದ ಚಿತ್ರದ ದೃಶ್ಯಗಳನ್ನು ಬಳಸಿದರು. ದೃಶ್ಯ ಸುಂದರ ಎಂಬ ಸಮರ್ಥನೆ ಸಾಲದು. ಆ ಸೌಂದರ್ಯವನ್ನು ಕಟ್ಟಿದ್ದೇ ಪ್ರಚಾರಕ್ಕಾಗಿ. ಟೀಕಿಸಿದವರ ಕಡೆ ನ್ಯಾಯವಿತ್ತು. ತಂಡ ಉತ್ತರ ಕೊಟ್ಟದ್ದು 2001ರ 'ಲಿಂಕ್ಸ್ 2 3 4' ಹಾಡಿನಲ್ಲಿ: ಹೃದಯ ಬಡಿಯುವುದು ಎಡಗಡೆ ಎಂದು, ಅಂದರೆ ತಮ್ಮ ಒಲವು ಎಡಪಂಥದ ಕಡೆ ಎಂದು, ಅದೂ ಸೈನಿಕರ ಬೂಟಿನ ತಾಳದಲ್ಲಿ. 2009ರಲ್ಲಿ 'ಲೀಬೆ ಇಸ್ಟ್ ಫ್ಯೂರ್ ಆಲೆ ಡಾ' ಆಲ್ಬಂ ಮಕ್ಕಳಿಗೆ ಹಾನಿಕರ ಎಂದು ಜರ್ಮನಿಯ ಸಂಸ್ಥೆ ಪಟ್ಟಿಗೆ ಸೇರಿಸಿತು. ವಯಸ್ಕರಿಗೆ ಮಾತ್ರ ಮಾರಬಹುದಿತ್ತು. ಮರುವರ್ಷ ಕಲೋನ್‌ನ ಆಡಳಿತ ನ್ಯಾಯಾಲಯ ಆ ಕ್ರಮವನ್ನು ತಡೆಯಿತು. 2019ರ 'ಡಾಯ್ಚ್‌ಲಾಂಡ್' ವಿಡಿಯೊ ತಮ್ಮ ದೇಶದ ಎರಡು ಸಾವಿರ ವರ್ಷದ ಹಿಂಸೆಯನ್ನು ಒಂಬತ್ತು ನಿಮಿಷದಲ್ಲಿ ತೋರಿಸುತ್ತದೆ. ಜರ್ಮನಿಯ ಸಂಕೇತವಾದ ಜರ್ಮೇನಿಯಾ ದೇವಿಯ ಪಾತ್ರದಲ್ಲಿ ಕಪ್ಪುವರ್ಣದ ನಟಿ ರೂಬಿ ಕಾಮಿ. ಅವರ ಅತ್ಯಂತ ಸಂಕೀರ್ಣ ಕೃತಿ ಅದು. ಆದರೆ ಯಾತನಾ ಶಿಬಿರದ ಕೈದಿಗಳ ವೇಷದ ತುಣುಕನ್ನೇ ಜಾಹೀರಾತಿಗೆ ಬಳಸಿದ್ದು ತಪ್ಪು ಎಂಬ ಯಹೂದಿ ಸಂಘಟನೆಗಳ ಮಾತನ್ನು ತಳ್ಳಿಹಾಕಲಾಗದು.

ವೇಷದ ವಾದ ವೇದಿಕೆಯ ಮೇಲಷ್ಟೇ ನಡೆಯುತ್ತದೆ. 2023ರಲ್ಲಿ ಲಿಂಡೆಮನ್ ವಿರುದ್ಧ ಹಲವು ಮಹಿಳೆಯರು ಆರೋಪ ಮಾಡಿದರು. ವೇದಿಕೆಯ ಮುಂಭಾಗಕ್ಕೆ ಯುವತಿಯರನ್ನು ಆರಿಸಿ ತರುತ್ತಿದ್ದ ಪದ್ಧತಿ ಬೆಳಕಿಗೆ ಬಂತು. ಅವರು ಆರೋಪಗಳನ್ನು ನಿರಾಕರಿಸಿದರು. ಬರ್ಲಿನ್‌ನ ಪ್ರಾಸಿಕ್ಯೂಷನ್ ಜೂನ್‌ನಲ್ಲಿ ತನಿಖೆ ತೆರೆದು, ಸಾಕಷ್ಟು ಪುರಾವೆ ಸಿಗಲಿಲ್ಲವೆಂದು ಆಗಸ್ಟ್‌ನಲ್ಲಿ ಮುಚ್ಚಿತು. ಕಾನೂನಿನ ಮಾತು ಅಲ್ಲಿಗೆ ನಿಂತಿತು. ಅಭಿಮಾನಿಗೂ ತಾರೆಗೂ ನಡುವೆ ಇರುವ ಬಲದ ಅಂತರದ ಪ್ರಶ್ನೆ ಕೇಳುಗರಲ್ಲಿ ಉಳಿದಿದೆ, ಉಳಿಯಬೇಕಾದದ್ದೇ.

ಆರು ಮತ

ಹಾಡುಗಳ ಹಕ್ಕು ಆರೂ ಜನರ ಹೆಸರಿನಲ್ಲಿದೆ, ರಿಫ್ ತಂದವರು ಯಾರೇ ಇರಲಿ. ತೀರ್ಮಾನದಲ್ಲೂ ಆರು ಮತಕ್ಕೆ ಒಂದೇ ತೂಕ. 2001ರ 'ಮುಟರ್' ಮಾಡುವಾಗ ಈ ಒಪ್ಪಂದ ಮುರಿಯುವ ಹಂತಕ್ಕೆ ಬಂದಿತ್ತು. ಕ್ರುಸ್ಪೆಯವರ ಪಟ್ಟು ಜೋರಾಗಿತ್ತು, ಉಳಿದವರು ಉಸಿರುಗಟ್ಟಿದ್ದರು. ಕೊನೆಗೆ ಅವರು ತಮ್ಮದೇ ಇಷ್ಟದ ಸಂಗೀತಕ್ಕಾಗಿ 'ಎಮಿಗ್ರೇಟ್' ಎಂಬ ಬೇರೆ ತಂಡ ಕಟ್ಟಿಕೊಂಡರು, ರಾಮ್‌ಸ್ಟೈನ್ ಉಳಿಯಿತು. ಇದಕ್ಕೆ ತೆತ್ತ ಬೆಲೆ ನಿಧಾನಗತಿ. 1995, 1997, 2001, 2004, 2005, 2009, 2019, 2022: ಮೂವತ್ತು ವರ್ಷಕ್ಕೆ ಎಂಟೇ ಆಲ್ಬಂ, ನಡುವೆ ಹತ್ತು ವರ್ಷದ ಖಾಲಿ. ಆ ಹತ್ತು ವರ್ಷವನ್ನು ತುಂಬಿದ್ದು ಪ್ರವಾಸ. 2010ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಆಮೇಲೆ 2019ರ ಮೇ 27ರಂದು ಜರ್ಮನಿಯ ಗೆಲ್ಸೆನ್‌ಕಿರ್ಹೆನ್‌ನಲ್ಲಿ ಶುರುವಾದ ಸ್ಟೇಡಿಯಂ ಪ್ರವಾಸ, ಕೋವಿಡ್‌ನಿಂದ ನಿಂತು, ಮತ್ತೆ ಹೊರಟು, 2024ರ ಜುಲೈನಲ್ಲಿ ಅದೇ ಊರಿನಲ್ಲಿ ಮುಗಿಯಿತು.

ಹೊಸದಾಗಿ ಕೇಳುವವರು 'ಮುಟರ್'ನಿಂದ ಶುರು ಮಾಡಲಿ. ಅದರ ಮೊದಲ ಹಾಡಿನಲ್ಲಿ ಬಾಬೆಲ್ಸ್‌ಬರ್ಗ್ ಚಲನಚಿತ್ರ ಆರ್ಕೆಸ್ಟ್ರಾದ ತಂತಿವಾದ್ಯಗಳೂ ಗಿಟಾರೂ ಒಂದಕ್ಕೊಂದು ಜಾಗ ಬಿಡುವ ಬಗೆ ಗಮನಿಸಿ. ಅದೇ ಆಲ್ಬಂನ 'ಜೊನ್ನೆ'ಯನ್ನು ಮೊದಲು ಬರೆದದ್ದು ಬಾಕ್ಸರ್ ವಿಟಾಲಿ ಕ್ಲಿಚ್ಕೊ ರಿಂಗಿಗೆ ಬರುವಾಗ ನುಡಿಸಲೆಂದು. ಹಾಡಿನ ಎಣಿಕೆ ಒಂಬತ್ತಕ್ಕೆ ಬಂದು ಹತ್ತರ ಬದಲು 'ಔಸ್', ಅಂದರೆ ಔಟ್, ಎನ್ನುವುದು ಅದಕ್ಕೇ. ಆಮೇಲೆ 'ಸೇನ್‌ಜುಖ್ಟ್', ಕೊನೆಗೆ 2019ರ ಆಲ್ಬಂ. ಪ್ರದರ್ಶನ ನೋಡಬೇಕೆಂದರೆ ಯೋನಾಸ್ ಓಕರ್‌ಲುಂಡ್ ನಿರ್ದೇಶಿಸಿದ 'ಪ್ಯಾರಿಸ್' ಚಿತ್ರ ಇದೆ. ಒಮ್ಮೆ ಹೆಡ್‌ಫೋನ್ ಹಾಕಿ ಎಡಗಿವಿಯ ಗಿಟಾರನ್ನಷ್ಟೇ ಹಿಂಬಾಲಿಸಿ, ಮತ್ತೊಮ್ಮೆ ಬಲಗಿವಿಯದನ್ನು. ಇಬ್ಬರೂ ಒಂದೇ ರಿಫ್ ನುಡಿಸುತ್ತಿದ್ದರೂ ಯಾರು ಯಾರೆಂದು ಮೂರನೆಯ ಸಲಕ್ಕೆ ಗೊತ್ತಾಗುತ್ತದೆ.